ದುರುಗವ್ವ 'ಹಸಿ' ಅಂದದ್ದು

ಪುರಸಭೆಯ ಆರೋಗ್ಯ ನಿರೀಕ್ಷಕರಾಗಿ ಹೊಸದಾಗಿ ಸೇರುತ್ತಿರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಾಸನೆಗೆ ಹೆದರಬೇಡಿ. ನಿಮ್ಮ ಮೂಗು ಎಂಟು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಒಗ್ಗದೆ ಉಳಿಯುವುದು ಮನೆಯವರ ಮೂಗು. ನನ್ನ ಹೆಂಡತಿ ಶಾಂತಾ, ನಾನು ನಿವೃತ್ತನಾಗುವ ದಿನದವರೆಗೂ ನನ್ನ ಅಂಗಿಯನ್ನು ಎರಡೇ ಬೆರಳಲ್ಲಿ ಹಿಡಿದು ಬಚ್ಚಲಿಗೆ ಒಯ್ಯುತ್ತಿದ್ದಳು. ಈಗ ಅಂಗಿಗೆ ವಾಸನೆ ಇಲ್ಲ, ಆದರೂ ಬೆರಳು ಎರಡೇ. ರೂಢಿ ಬಿದ್ದುಬಿಟ್ಟಿದೆ.

ಕೊಪ್ಪಳ ಜಿಲ್ಲೆಯ ನಾಲ್ಕಾರು ಊರುಗಳಲ್ಲಿ ನಾನು ನೌಕರಿ ಮಾಡಿದೆ. ಯಾವಾಗ ಎಲ್ಲಿಗೆ ವರ್ಗವಾಯಿತು, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಯಾರೂ ಓದುವುದಿಲ್ಲ, ನಾನೂ ಓದಿಲ್ಲ. ಇಲ್ಲಿ ಬರೆಯುತ್ತಿರುವುದು ಕಸದಿಂದ ಗೊಬ್ಬರ ಮಾಡುವ ಯಾರ್ಡ್‌ನಲ್ಲಿ ಕಳೆದ ವರ್ಷಗಳ ಬಗ್ಗೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಂದ ಒಂದು ರಸ್ತೆ ಗಂಗಾವತಿಗೆ, ಇನ್ನೊಂದು ಕುಷ್ಟಗಿಗೆ ಹೋಗುತ್ತದೆ ಎಂದರೆ ಸಾಕು. ಆ ಯಾರ್ಡ್‌ನಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ದುರುಗವ್ವ ಎಂಬ ಪೌರಕಾರ್ಮಿಕೆ ತನ್ನ ಕೆಲಸದ ಜಾಗವನ್ನೇ ಕಳೆದುಕೊಳ್ಳುವ ಹೊತ್ತು ಬಂದಿತ್ತು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ.

ನನಗೆ ಚಿಕ್ಕಂದಿನಿಂದ ಕೆದಕುವ ಚಟ. ಗಡಿಯಾರ ಬಿಚ್ಚಿ ಬೈಸಿಕೊಂಡವನು. ನೌಕರಿಗೆ ಸೇರಿದ ಹೊಸತರಲ್ಲಿ ನಾವು ಊರಿನ ಕಸವನ್ನು ಹಳ್ಳದ ದಂಡೆಗೆ ಒಯ್ದು ಸುರಿಯುತ್ತಿದ್ದೆವು. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಬಂದು ಅದನ್ನು ತುಂಬಿಕೊಂಡು ಹೊಲಕ್ಕೆ ಹಾಕುತ್ತಿದ್ದವು. ನಾವು ಚೆಲ್ಲಿದ್ದನ್ನು ಅವರು ಪೈಪೋಟಿಯಲ್ಲಿ ಒಯ್ಯುತ್ತಿದ್ದರು. ಆಮೇಲೆ ವರ್ಷದಿಂದ ವರ್ಷಕ್ಕೆ ಚಕ್ಕಡಿಗಳು ಕಡಿಮೆಯಾದವು. ಒಂದು ಬೇಸಿಗೆ ಒಂದೇ ಚಕ್ಕಡಿ ಬಂತು, ಅದೂ ಅರ್ಧ ತುಂಬಿ ನಿಲ್ಲಿಸಿತು. ಯಾಕೆ ಎಂದು ಕೇಳಿದೆ.

"ರಂಟಿ ಹೊಡದ್ರ ಸಾಲಿನ್ಯಾಗ ಬರೇ ಕ್ಯಾರಿಬ್ಯಾಗ್ ಏಳತಾವ್ರಿ," ಎಂದ ಆ ರೈತ. "ಹೊಲ ಹೊಲ ಕಂಡಂಗ ಕಾಣೂದಿಲ್ಲ, ಸಂತಿ ಮುಗದ ಬಯಲು ಕಂಡಂಗ ಕಾಣತೈತಿ."

ಮರುವರ್ಷ ಅವನೂ ಬರಲಿಲ್ಲ. ಕಸ ಮಾತ್ರ ದಿನಾ ಬರುತ್ತಲೇ ಇತ್ತು. ಹಳ್ಳದ ದಂಡೆ ಗುಡ್ಡವಾಯಿತು.

ಎಷ್ಟೋ ವರ್ಷದ ಮೇಲೆ ಮೇಲಿನಿಂದ ಆದೇಶ ಬಂತು. ಕಸವನ್ನು ಮನೆಯಲ್ಲೇ ಬೇರೆ ಮಾಡಿಸಬೇಕು, ಕೊಳೆಯುವುದನ್ನು ಗೊಬ್ಬರ ಮಾಡಬೇಕು, ಆ ಗೊಬ್ಬರ ಊರಿನ ಗಿಡಗಳಿಗೆ, ಕೈತೋಟಗಳಿಗೆ ಹೋಗಬೇಕು. ಊರ ಹೊರಗೆ ತಗಡಿನ ಚಪ್ಪರ ಹಾಕಿ, ಕಾಂಕ್ರೀಟ್ ನೆಲ ಮಾಡಿ ಒಂದು ಯಾರ್ಡ್ ಕಟ್ಟಿದರು. ಕಾಗದದಲ್ಲಿ ಅದಕ್ಕೆ ಒಂದು ಸಾಲಿನಷ್ಟು ಉದ್ದದ ಹೆಸರಿತ್ತು. ಊರಿನವರು ಕಸದ ಫ್ಯಾಕ್ಟರಿ ಎಂದರು. ಉಸ್ತುವಾರಿ ನನಗೆ ಬಂತು. ಬೇರೆ ಯಾರಿಗೂ ಬೇಡವಾಗಿತ್ತು ಎಂಬುದು ನಿಜವಾದ ಕಾರಣ. ನನಗೆ ಮಾತ್ರ ಒಳಗೊಳಗೇ ಖುಷಿ. ಕೆದಕಲು ಇದಕ್ಕಿಂತ ದೊಡ್ಡ ರಾಶಿ ಎಲ್ಲಿ ಸಿಗುತ್ತದೆ?

ಯಾರ್ಡ್‌ಗೆ ಕೊಟ್ಟ ಆರು ಜನರಲ್ಲಿ ದುರುಗವ್ವ ಒಬ್ಬಳು. ಹುಲಿಹೈದರದ ಕಡೆಯವಳು. ಪುರಸಭೆಗೆ ಸೇರುವ ಮೊದಲು ಊರಲ್ಲಿ ಕಂಡವರ ಹೊಲಕ್ಕೆ ಕೂಲಿ ಹೋಗುತ್ತಿದ್ದಳು, ಬೇಸಿಗೆಯಲ್ಲಿ ತಿಪ್ಪೆ ಬಗೆದು ಪುಟ್ಟಿಯಲ್ಲಿ ಗೊಬ್ಬರ ಹೊರುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಇಪ್ಪತ್ತು ವರ್ಷ ಬಜಾರದ ಗಟಾರು ಬಳಿದಳು. ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ನಾನು ಆಕೆಗೆ 'ನೀ' ಎನ್ನುತ್ತಿದ್ದೆ, ಆಕೆ ನನಗೆ 'ಸಾಹೇಬ್ರ' ಎನ್ನುತ್ತಿದ್ದಳು. ಆಗ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಮೊದಲ ರಾಶಿ ಕಟ್ಟಿದ ಐದನೆಯ ದಿನ ನಾನು ಅದರೊಳಗೆ ಒಂದು ಕಬ್ಬಿಣದ ಸರಳು ಚುಚ್ಚಿ, ಅರ್ಧ ತಾಸು ಬಿಟ್ಟು ಎಳೆದೆ. ಅಂಗೈ ಚುರ್ರೆಂದಿತು. ಸರಳು ಎಲ್ಲಿಗೋ ಹಾರಿತು, ನಾನು ಕೈ ಝಾಡಿಸುತ್ತ ಕುಣಿದೆ. ದುರುಗವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು.

"ಒಳಗ ಒಲಿ ಹೊತ್ತೈತ್ರಿ ಸಾಹೇಬ್ರ. ಕೇಳಿದ್ರ ಹೇಳತಿದ್ದೆ."

"ಬೆಂಕಿ ಇಲ್ಲದ ಒಲಿ ಹೆಂಗ ಹೊತ್ತತೈತಿ?"

"ಅದು ನಿಮಗ ಗೊತ್ತಿರಬೇಕ್ರಿ. ಸಾಲಿ ಕಲತವ್ರು ನೀವು."

ಮನೆಗೆ ಹೋಗಿ ತರಬೇತಿಯ ಪುಸ್ತಕ ತೆಗೆದೆ. ಕಣ್ಣಿಗೆ ಕಾಣದ ಜೀವಿಗಳು ಕಸ ತಿನ್ನುವಾಗ ಕಾವು ಹುಟ್ಟುತ್ತದೆ ಎಂದು ಬರೆದಿತ್ತು. ಓದಿ ಅಚ್ಚರಿಪಟ್ಟೆ. ನಮ್ಮ ಊರಿನ ಎಷ್ಟೋ ಸಾವಿರ ಮನೆಗಳ ಪಲ್ಯದ ಸಿಪ್ಪೆಯ ಮೇಲೆ ಅಷ್ಟೊಂದು ಜೀವ ಊಟಕ್ಕೆ ಕುಳಿತಿದೆ! ಮರುದಿನ ದೊಡ್ಡದೊಂದು ಥರ್ಮಾಮೀಟರ್ ತರಿಸಿ ದಿನಾ ಮೂರು ಸಲ ಚುಚ್ಚಿ ನೋಡತೊಡಗಿದೆ. ಚಳಿಗಾಲದಲ್ಲಿ ಒಂದು ದಿನ ರಾಶಿಯ ನೆತ್ತಿಯ ಮೇಲೆ ಒಂದು ಚಪ್ಪಡಿಕಲ್ಲು, ಅದರ ಮೇಲೆ ಆರು ಸ್ಟೀಲ್ ಡಬ್ಬಿ ಕಂಡವು. ಮಧ್ಯಾಹ್ನದ ಊಟ ಬೆಚ್ಚಗಿರಲಿ ಎಂದು ಹೆಣ್ಣುಮಕ್ಕಳು ಸಾಲಾಗಿ ಇಟ್ಟಿದ್ದರು. ಆರೋಗ್ಯ ನಿರೀಕ್ಷಕನಾಗಿ ನಾನು ಬೈಯಬೇಕಿತ್ತು, ಬೈದೆ. ಡಬ್ಬಿ ಇಳಿಸಿದರು. ಆದರೆ ಒಂದನ್ನು ಮುಟ್ಟಿ ನೋಡಿದ್ದೆ, ಬದನೆಕಾಯಿ ಪಲ್ಯ ಈಗಷ್ಟೇ ಒಲೆಯಿಂದ ಇಳಿಸಿದಂತಿತ್ತು.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ. ನಮಗೆ ಬಂದ ಆದೇಶದಲ್ಲಿ 'ಹಸಿ ಕಸ, ಒಣ ಕಸ' ಎಂದಿತ್ತು. ಹಸಿರು ಬಕೆಟ್ ಹಸಿ ಕಸಕ್ಕೆ, ನೀಲಿ ಬಕೆಟ್ ಒಣ ಕಸಕ್ಕೆ. ಆಟೋದ ಮೈಕಿನಲ್ಲಿ ದಿನಾ ಬೆಳಿಗ್ಗೆ ಅದೇ ಕೂಗು. ಆರು ತಿಂಗಳು ಕೂಗಿದ ಮೇಲೂ ಹಸಿ ಕಸದ ಜೊತೆ ಪ್ಲಾಸ್ಟಿಕ್ ಬರುವುದು ನಿಲ್ಲಲಿಲ್ಲ. ಜನಕ್ಕೆ ಬುದ್ಧಿ ಇಲ್ಲ ಎಂದು ತೀರ್ಮಾನಿಸಿ, ಒಂದು ದಿನ ನಾನೇ ಆಟೋದ ಹಿಂದೆ ನಡೆದೆ. ಹಳೇ ಓಣಿಯ ಒಬ್ಬ ಹೆಣ್ಣುಮಗಳ ನೀಲಿ ಬಕೆಟ್ ನೋಡಿದೆ. ತುಂಬ ಮುರುಕು ಕಟಕ ರೊಟ್ಟಿ, ಉಳ್ಳಾಗಡ್ಡಿ ಸಿಪ್ಪೆ, ಶೇಂಗಾ ಸಿಪ್ಪೆ. ಹಸಿರು ಬಕೆಟ್ಟಿನಲ್ಲಿ ಹಾಲಿನ ಪಾಕೀಟುಗಳು.

"ಏನವಾ ಇದು? ರೊಟ್ಟಿ ತಂದು ಒಣ ಕಸದಾಗ ಹಾಕೀದಿ?"

ಆಕೆ ಒಂದು ಚೂರು ರೊಟ್ಟಿ ತೆಗೆದು ನನ್ನ ಕಿವಿಯ ಹತ್ತಿರ ಮುರಿದಳು. "ಕಟಕ್ ಅಂತಿಲ್ಲೋ? ಇದಕ್ಕಿಂತ ಒಣಾ ಯಾವುದೈತ್ರಿ?"

"ಮತ್ತ ಹಾಲಿನ ಪಾಕೀಟು?"

"ಛಲೋತ್ನ್ಯಾಗ ತೊಳದು ಹಾಕೀನ್ರಿ. ಮುಟ್ಟಿ ನೋಡ್ರಿ, ಇನ್ನೂ ಹಸಿ ಐತಿ."

ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಿ ನೋಡಿ, ಸಿಗುವುದಿಲ್ಲ. ನಾವು ಕೇಳಿದ್ದನ್ನೇ ಆಕೆ ಅಚ್ಚುಕಟ್ಟಾಗಿ ಕೊಟ್ಟಿದ್ದಳು. ಆದೇಶ ಬರೆದವರ ಮನೆಯಲ್ಲಿ ಅನ್ನ ಸಾರು ಉಳಿಯುತ್ತದೆ, ಅದು ಹಸಿಯೇ. ನಮ್ಮಲ್ಲಿ ಉಳಿಯುವುದು ಕಟಕ ರೊಟ್ಟಿ. ಅದು ಹಸಿರು ಬಕೆಟ್ಟಿಗೆ ಹೋಗಬೇಕು ಎಂದು ಆ ಹೆಣ್ಣುಮಗಳಿಗೆ ಹೇಗೆ ತಿಳಿಯಬೇಕು?

ಯಾರ್ಡ್‌ಗೆ ಬಂದು ಇದನ್ನು ಹೇಳಿದೆ. ದುರುಗವ್ವ ಕೇಳಿ, ಜರಡಿ ಹಿಡಿಯುವುದನ್ನು ನಿಲ್ಲಿಸಿ, "ಹಸಿ ಒಣ ಯಾಕ್ರಿ? ತಿಪ್ಪಿ ಕಸ ಕೊಡ್ರಿ ಅನ್ರಿ. ತಿಪ್ಪಿಗೆ ಏನ್ ಹೋಗತೈತಿ, ಏನ್ ಹೋಗೂದಿಲ್ಲ, ಎಲ್ಲಾರಿಗೂ ಗೊತ್ತೈತಿ" ಎಂದಳು.

ಮರುದಿನದಿಂದ ಆಕೆಯನ್ನೇ ಎರಡು ವಾರ ಆಟೋದ ಜೊತೆ ಕಳಿಸಿದೆ. ಮೈಕು ತನ್ನ ಪಾಡಿಗೆ ಹಸಿ ಕಸ ಎನ್ನುತ್ತಿತ್ತು, ಮುಂದೆ ನಡೆಯುತ್ತ ದುರುಗವ್ವ "ತಿಪ್ಪಿ ಕಸ ತರ್ರಿ ಯವ್ವಾ" ಎಂದು ಕೂಗುತ್ತಿದ್ದಳು. ಮೂರನೆಯ ದಿನಕ್ಕೆ ರೊಟ್ಟಿಯೆಲ್ಲ ಹಸಿರು ಬಕೆಟ್ಟಿಗೆ ಬಂತು, ಹಾಲಿನ ಪಾಕೀಟು ನೀಲಿ ಬಕೆಟ್ಟಿಗೆ ಹೋಯಿತು. ಅಷ್ಟು ಸಣ್ಣ ಮಾತು, ಅಷ್ಟು ದೊಡ್ಡ ಬದಲಾವಣೆ. ಅದರ ಗುಂಗಿನಲ್ಲಿ ನಾನು ಒಂದು ವಾರ ಯಾರು ಸಿಕ್ಕರೂ ಅದನ್ನೇ ಹೇಳುತ್ತಿದ್ದೆ.

ಹೇಳಿಕೊಂಡು ತಿರುಗಿದ ಆ ಬುದ್ಧಿವಂತನೇ ಚೀಲಗಳ ಮೇಲೆ ಏನು ಅಚ್ಚು ಹಾಕಿಸಿದ ಗೊತ್ತೇ? 'ಸರಕಾರಿ ಗೊಬ್ಬರ'. ಸರಕಾರದ್ದು ಎಂದರೆ ಜನ ನಂಬುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಕುಷ್ಟಗಿ ಕಡೆಯ ದಾಳಿಂಬೆ ತೋಟದ ರೈತನೊಬ್ಬ ಬಂದು ಒಂದರ ಮೇಲೊಂದು ಒಟ್ಟಿದ್ದ ನಮ್ಮ ಚೀಲಗಳಿಗೇ ಆತುಕೊಂಡು ನಿಂತ. "ಸರಕಾರಿ ಗೊಬ್ಬರ ಹಾಕಿ ಹಾಕಿ ನೆಲ ಬಿರುಸಾಗೇತ್ರಿ. ತಿಪ್ಪಿ ಗೊಬ್ಬರ ಎಲ್ಲೆರ ಸಿಗತೈತೇನು?" ಎಂದು ಕೇಳಿದ. ನಮ್ಮ ಸೀಮೆಯಲ್ಲಿ ಯೂರಿಯಾ, ಡಿಎಪಿಗೆ ಸರಕಾರಿ ಗೊಬ್ಬರ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಅಪ್ಪನೂ ಹಾಗೇ ಅನ್ನುತ್ತಿದ್ದ. ಕಚೇರಿಯ ಕುರ್ಚಿಯಲ್ಲಿ ಕುಳಿತಾಗ ಮಾತ್ರ ಮರೆತುಹೋಗಿತ್ತು. ನಿವೃತ್ತ ಮಾಸ್ತರರೊಬ್ಬರು ಚೀಲ ಒಯ್ದು, ಯೂರಿಯಾ ಎಂದೇ ತಿಳಿದು ಪ್ರತಿ ಗಿಡಕ್ಕೆ ಒಂದೊಂದು ಚಿಟಿಕೆ ಹಾಕಿ, ಏನೂ ಆಗಲಿಲ್ಲ ಎಂದು ಉಳಿದದ್ದನ್ನು ವಾಪಸು ತಂದುಕೊಟ್ಟರು. ಅಚ್ಚಿನ ಮೇಲೆ ಡಾಂಬರು ಬಳಿಸಿದೆ. ದುರುಗವ್ವ ಬಳಿಯುತ್ತ ನಗುತ್ತಿದ್ದಳು, ನಾನು ನೋಡದವನಂತೆ ಇದ್ದೆ.

ಇಷ್ಟೆಲ್ಲ ಆದಮೇಲೆ ಬಂದ ತಪ್ಪು ಇದು. ಮಾತಿನ ವಿಷಯದಲ್ಲಿ ಎರಡು ಸಲ ಪಾಠ ಕಲಿತವನು ಮೂರನೆಯ ಸಲ ಎಡವಿದೆ.

ಯಾರ್ಡ್ ಶುರುವಾಗಿ ಮೂರು ವರ್ಷವಾದಾಗ ಮೈಸೂರು ಕಡೆಯ ಒಬ್ಬರು ನಮ್ಮ ಪುರಸಭೆಗೆ ಮುಖ್ಯಾಧಿಕಾರಿಯಾಗಿ ಬಂದರು. ಕೆಟ್ಟವರಲ್ಲ. ಗಿಡ ಎಂದರೆ ಪ್ರಾಣ, ಆದರೆ ತಾಳ್ಮೆ ಕಡಿಮೆ. ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಲ್ಲಿ ಒಂದು ಉದ್ಯಾನ ಮಾಡಿಸಿ, ಹದಿನೈದು ದಿನದಲ್ಲಿ ಗಿಡ ನೆಡಬೇಕು, ನಮ್ಮದೇ ಗೊಬ್ಬರ ಹಾಕಬೇಕು ಎಂದರು. ದಾಸವಾಳ, ಮಲ್ಲಿಗೆ, ಕಣಗಿಲೆ ಎಲ್ಲ ಗಂಗಾವತಿಯ ನರ್ಸರಿಯಿಂದ ಬಂದವು. ಯಾರ್ಡ್‌ನಲ್ಲಿ ಸಾಲಿನ ಮೂರನೆಯ ರಾಶಿಗೆ ಪುಸ್ತಕದ ಪ್ರಕಾರ ದಿನ ತುಂಬಿತ್ತು. ನಾನು ದುರುಗವ್ವನನ್ನು ಕೇಳಿದೆ. ಆಕೆ ಮೊಣಕೈ ಮುಳುಗುವವರೆಗೆ ಕೈ ಹಾಕಿ, ಒಂದು ಹಿಡಿ ತೆಗೆದು ಮೂಸಿದಳು.

"ಇನ್ನೂ ಹಸಿ ಐತ್ರಿ ಸಾಹೇಬ್ರ."

ನಾನೂ ಹಿಡಿದು ನೋಡಿದೆ. ಹೌದು, ಕೈಗೆ ತೇವ ಹತ್ತಿತು. "ಹಸಿ ಇದ್ರ ಒಣಗಸು. ಎರಡ ದಿನ ಬಿಸಲಿಗಿ ಹಾಕ್ರಿ, ಆಮ್ಯಾಲ ಚೀಲ ತುಂಬ್ರಿ."

ಆಕೆ ನನ್ನ ಮುಖ ನೋಡಿದಳು. "ಒಣಗಸೂದ್ರಿ?"

"ಹೂಂ."

ಎರಡು ದಿನ ಹರವಿ ಒಣಗಿಸಿದರು. ಗೊಬ್ಬರ ಚಹಾಪುಡಿಯಂತೆ ಉದುರುದುರಾಗಿ, ಕಪ್ಪಗೆ, ವಾಸನೆಯೇ ಇಲ್ಲದೆ ಕಾಣಿಸಿತು. ಮುಖ್ಯಾಧಿಕಾರಿಗಳು ಕೈಯಲ್ಲಿ ಹಿಡಿದು "ಫಸ್ಟ್ ಕ್ಲಾಸ್" ಎಂದರು. ಗುಂಡಿಗೆ ಪುಟ್ಟಿಗಟ್ಟಲೆ ಹಾಕಿ ಗಿಡ ನೆಟ್ಟರು, ನೀರು ಬಿಟ್ಟರು.

ಹತ್ತನೆಯ ದಿನ ಉದ್ಯಾನದ ಮಾಲಿ ಓಡಿಬಂದ. ನಾನು ಹೋಗಿ ನೋಡಿದರೆ ಸಾಲಿಗೆ ಸಾಲು ಎಲೆ ಸುಟ್ಟು ಜೋತಿದ್ದವು. ಒಂದು ದಾಸವಾಳದ ಬುಡಕ್ಕೆ ಬೆರಳು ಹಾಕಿದೆ. ಮಣ್ಣು ಬೆಚ್ಚಗಿತ್ತು.

ಆ ಕ್ಷಣಕ್ಕೆ ದುರುಗವ್ವ ಏನು ಹೇಳಿದ್ದಳು ಎಂಬುದು ತಲೆಗೆ ಹೊಳೆಯಿತು. ಹಸಿ ಎಂದರೆ ಆಕೆ ನೀರಿನ ಮಾತು ಆಡಿರಲಿಲ್ಲ. ಹಸಿ ಗಾಯ ಎನ್ನುತ್ತೇವೆ, ಹಸಿ ಬಾಣಂತಿ ಎನ್ನುತ್ತೇವೆ. ಯಾವುದನ್ನೂ ಬಿಸಿಲಿಗೆ ಹರವಿ ಸರಿಮಾಡಲು ಬರುವುದಿಲ್ಲ. ಇನ್ನೂ ಮಾಗಿಲ್ಲ, ಕಾಯಬೇಕು ಎಂದಿದ್ದಳು ಆಕೆ. ಮೂರು ವರ್ಷ ಹಸಿ ಕಸ ಒಣ ಕಸ ಎಂದು ಕೂಗಿಸಿ ಕೂಗಿಸಿ, ನನ್ನ ತಲೆಯಲ್ಲಿ ಹಸಿ ಎಂದರೆ ತೇವ ಎಂದೇ ಕೂತಿತ್ತು. ಒಣಗಿಸಿದಾಗ ಆ ಕಾಣದ ಜೀವಿಗಳು ಊಟ ನಿಲ್ಲಿಸಿ ಮಲಗಿದ್ದವು ಅಷ್ಟೇ. ನೀರು ಬಿದ್ದ ಕೂಡಲೇ ಎದ್ದು ಮತ್ತೆ ಒಲೆ ಹೊತ್ತಿಸಿದವು, ಈ ಸಲ ಎಳೆ ಬೇರಿನ ಬುಡದಲ್ಲಿ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಮುಖ್ಯಾಧಿಕಾರಿಗಳು ಕೆಂಡವಾದರು. ಯಾರ್ಡ್‌ನ ರಿಜಿಸ್ಟರಿನಲ್ಲಿ 'ಗೊಬ್ಬರ ಸಿದ್ಧಪಡಿಸಿದವರು' ಎಂಬ ಅಂಕಣದಲ್ಲಿ ದುರುಗವ್ವನ ಹೆಸರಿತ್ತು. ಆಕೆಗೆ ಕಾರಣ ಕೇಳಿ ನೋಟಿಸು ಟೈಪಾಯಿತು. ಯಾರ್ಡ್ ಮುಚ್ಚುವುದು, ತಿಪ್ಪೆ ಕಸವನ್ನು ಗುತ್ತಿಗೆದಾರರಿಗೆ ಒಪ್ಪಿಸುವುದು, ಆರೂ ಜನರನ್ನು ಮತ್ತೆ ಬಜಾರದ ಗಟಾರಿಗೆ ಹಾಕುವುದು ಎಂದು ಟಿಪ್ಪಣಿ ಸಿದ್ಧವಾಯಿತು. ನೋಟಿಸನ್ನು ಆಕೆಗೆ ತಲುಪಿಸಿ ಸಹಿ ಹಾಕಿಸಿಕೊಂಡು ಬರುವ ಕೆಲಸ ನನ್ನದು. ನಾನು ಒಯ್ದೆ. ಒಯ್ದೆ ಎಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

"ಏನ್ ಬರದಾರ್ರಿ?" ಎಂದಳು.

"ಏನಿಲ್ಲ. ಗಿಡ ಸತ್ತದ್ದಕ್ಕ ಕೇಳ್ಯಾರ. ಸಹಿ ಹಾಕು."

ಆಕೆ ರಾತ್ರಿ ಶಾಲೆಯಲ್ಲಿ ಕಲಿತಿದ್ದ ದೊಡ್ಡ ದೊಡ್ಡ ಅಕ್ಷರಗಳಲ್ಲಿ ನಿಧಾನವಾಗಿ ಹೆಸರು ಬರೆದಳು. ಬರೆದು ತಲೆ ಎತ್ತಿದಳು. "ಯಾರ್ಡ್ ಮುಚ್ಚತಾರಂತಲ್ರಿ. ಖರೇನಾ?"

"ಹಂಗ ಮಾತು ನಡದೈತಿ."

"ಗಟಾರಿನ್ಯಾಗ ಇಪ್ಪತ್ತ ವರ್ಷ ತಗದೇ ತಗದೆ ಸಾಹೇಬ್ರ. ಮುಂಜಾನೆ ತಗದದ್ದು ಸಂಜಿಗಿ ಮತ್ತ ತುಂಬತಿತ್ತು. ಇಲ್ಲಿ ಏನರ ಮಾಡತೀನಿ. ಮಾಡಿದ್ದು ಕಣ್ಣಿಗೆ ಕಾಣತೈತಿ. ಮತ್ತ ಅಲ್ಲಿ ಕಳಸಬ್ಯಾಡ್ರಿ, ನಿಮ್ಮ ಕಾಲ ಹಿಡಕೊಂತೀನಿ."

ಒಣಗಿಸು ಎಂದವರು ನೀವು ಎಂದು ಆಕೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಕಾಗದ ಮಡಚಿಕೊಂಡು ಸೈಕಲ್ ಮೋಟಾರು ಹತ್ತಿ ಬಂದುಬಿಟ್ಟೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಸಂಜೆ ಚಹಾ ಕೊಡುವಾಗ ಶಾಂತಾ ಕೇಳಿದಳು. ಊರಲ್ಲಿ ಸುದ್ದಿ ಹಬ್ಬಿತ್ತು. "ಆ ದುರುಗವ್ವಗ ಕಾಗದ ಕೊಟ್ರಂತ. ಆಕಿ ಏನ್ ಮಾಡಿದ್ಲು?"

ನಡೆದದ್ದನ್ನೆಲ್ಲ ಹೇಳಿದೆ.

"ಅಂದ್ರ ಒಣಗಸು ಅಂದವ್ರು ನೀವು."

"ಹೂಂ."

"ಮತ್ತ ಕಾಗದ ಆಕಿಗ್ಯಾಕ ಬಂತು?"

ಚಹಾ ಆರಿತು.

ಮರುದಿನ ಕಚೇರಿ ಬಾಗಿಲು ತೆರೆಯುವ ಮೊದಲೇ ಹೋಗಿ ಕುಳಿತೆ. ಮುಖ್ಯಾಧಿಕಾರಿಗಳು ಬಂದ ಕೂಡಲೇ ಒಳಗೆ ಹೋಗಿ, "ಸರ್, ಗೊಬ್ಬರ ಇನ್ನೂ ಆಗಿಲ್ಲ ಅಂತ ದುರುಗವ್ವ ಹೇಳಿದ್ದರು. ಒಣಗಿಸಿ ತುಂಬಿ ಅಂದವನು ನಾನು" ಎಂದೆ. ಹೇಳಿದ ಮೇಲೆ ಗಮನಕ್ಕೆ ಬಂತು, ಮೊದಲ ಸಲ ಆಕೆಗೆ 'ರು' ಹಚ್ಚಿದ್ದೆ.

"ಆಗಿಲ್ಲ ಅಂದ್ರೆ ಯಾಕ್ರೀ ತುಂಬಿಸಿದ್ರಿ?"

"ಹಸಿ ಅಂದರು ಸರ್. ನಾನು ತೇವ ಅಂದುಕೊಂಡೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು. "ಈ ಊರವ್ರು ನೀವು. ನಿಮಗೇ ಅರ್ಥ ಆಗ್ಲಿಲ್ವಾ?"

"ಇಲ್ಲ ಸರ್."

"ಬರೆದು ಕೊಡಿ."

ಬರೆದು ಕೊಟ್ಟೆ. ದುರುಗವ್ವನ ನೋಟಿಸು ರದ್ದಾಗಿ ನನ್ನ ಹೆಸರಿಗೆ ಬಂತು. ಆದರೆ ಯಾರ್ಡ್ ಮುಚ್ಚುವ ಕಾಗದ ಅವರ ಮೇಜಿನ ಮೇಲೇ ಇತ್ತು. ತುಂಬ ಬೇಡಿಕೊಂಡೆ. ಕೊನೆಗೆ, "ಮೂರು ತಿಂಗಳು ಕೊಡ್ತೀನಿ. ಅದೇ ಗುಂಡಿಗಳಲ್ಲಿ ಗಿಡ ಚಿಗುರಬೇಕು. ಆಮೇಲೆ ನಾನೇ ಯಾರ್ಡ್‌ಗೆ ಬಂದು ನೋಡಿ ತೀರ್ಮಾನ ಮಾಡ್ತೀನಿ. ಅಲ್ಲೀವರೆಗೂ ಈ ಕಾಗದ ಇಲ್ಲೇ ಇರುತ್ತೆ" ಎಂದರು.

ಯಾರ್ಡ್‌ಗೆ ಬಂದು ದುರುಗವ್ವನಿಗೆ ಎಲ್ಲವನ್ನೂ ಹೇಳಿದೆ, ನೋಟಿಸಿನಲ್ಲಿ ಏನಿತ್ತು ಎಂಬುದನ್ನೂ ಓದಿ ಹೇಳಿದೆ. ತಪ್ಪಾಯಿತು ಎಂದೆ. ಆಕೆ, "ನಂದೂ ಸ್ವಲ್ಪ ತಪ್ಪೈತ್ರಿ" ಎಂದಳು. "ಒಣಗಸು ಅಂದಾಗ ನನಗ ಅನುಮಾನ ಬಂತು. ಸಾಹೇಬ್ರು ಓದಿದವ್ರು, ಒಣಗಿಸಿದ್ರ ಏನರ ಆಗತೈತೇನೋ ಅಂತ ಬಿಟ್ಟೆ."

"ಈಗ ಏನ್ ಮಾಡೂಣ್ರಿ ದುರುಗವ್ವ?"

'ರಿ' ಕೇಳಿ ಆಕೆ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಕಟ್ಟಿ, "ಮೊದಲ ಆ ಕುಣಿ ನೋಡೂಣು ನಡೀರಿ" ಎಂದಳು.

ಉದ್ಯಾನದಲ್ಲಿ ಗುಂಡಿಗಳ ಗೊಬ್ಬರ ತೆಗೆದು ಹೊರಗೆ ಚೆಲ್ಲಬೇಕು ಎಂದು ಮಾಲಿ ಹಟ ಹಿಡಿದಿದ್ದ. ದುರುಗವ್ವ ಬೇಡ ಎಂದಳು. ಸತ್ತ ಗಿಡ ಕಿತ್ತು, ಮಣ್ಣು ಮಗುಚಿ, ದಿನ ಬಿಟ್ಟು ದಿನ ನೀರು ಚಿಮುಕಿಸಿ, ಅಲ್ಲೇ ಮಾಗಲು ಬಿಡಬೇಕು ಎಂದಳು. ನನಗೆ ಕುತೂಹಲ ತಡೆಯಲಿಲ್ಲ. ಥರ್ಮಾಮೀಟರ್ ಯಾರ್ಡ್‌ನಿಂದ ಉದ್ಯಾನಕ್ಕೆ ಬಂತು. ದಿನಾ ಕಾವು ಬರೆದಿಟ್ಟೆ. ಮೊದಲು ಏರಿತು, ಆಮೇಲೆ ದಿನದಿಂದ ದಿನಕ್ಕೆ ಇಳಿಯಿತು. ಗುಂಡಿ ಬಗೆದಾಗ ಎರೆಹುಳು ಕಂಡ ದಿನ ನಾನು ಮಾಲಿಯನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಅದೇ ದಿನಗಳಲ್ಲಿ ದುರುಗವ್ವ ಒಂದು ಹೊಸ ಕೆಲಸ ಶುರುಮಾಡಿದಳು. ಒಡೆದ ಬಕೆಟ್ಟುಗಳ ತಳಕ್ಕೆ ತೂತು ಹಾಕಿ ಸಾಲಾಗಿ ಇಟ್ಟು, ಒಂದೊಂದರಲ್ಲಿ ಒಂದೊಂದು ರಾಶಿಯ ಗೊಬ್ಬರ ಅರ್ಧ, ಮಣ್ಣು ಅರ್ಧ ತುಂಬಿ, ನೆನೆಸಿದ ಮೆಂತೆ ಉದುರಿಸಿದಳು. ರಾಶಿ ಮಾಗಿದ್ದರೆ ನಾಲ್ಕೈದು ದಿನದಲ್ಲಿ ಮೆಂತೆ ಹಸಿರಾಗಿ ನೆಟ್ಟಗೆ ಏಳುತ್ತದೆ. ಮಾಗದಿದ್ದರೆ ಹಳದಿಯಾಗಿ ಮುರುಟಿಕೊಳ್ಳುತ್ತದೆ, ಇಲ್ಲವೇ ಮೇಲೆ ಬರುವುದೇ ಇಲ್ಲ. ಎಷ್ಟೋ ತರಬೇತಿಗೆ ಹೋಗಿದ್ದೆ, ಪುಸ್ತಕ ಓದಿದ್ದೆ. ಇಷ್ಟು ಸರಳವಾಗಿ ಕಣ್ಣಿಗೆ ಕಾಣುವಂತೆ ಯಾರೂ ತೋರಿಸಿರಲಿಲ್ಲ.

"ಯಾರ ಹೇಳಿಕೊಟ್ರು ಇದನ್ನ?" ಎಂದು ಕೇಳಿದೆ.

"ಯಾರೂ ಇಲ್ರಿ. ನಾ ಆಡಿದ ಮಾತು ನನಗ ಒಂದು, ನಿಮಗ ಒಂದು ಆತಲ್ರಿ. ಇಬ್ರಿಗೂ ಒಂದ ಕಾಣೂವಂಥಾದ್ದು ಏನರ ಇರಲಿ ಅಂತ ಮಾಡೀನಿ."

ಅಂದಿನಿಂದ ರಿಜಿಸ್ಟರಿನಲ್ಲಿ ಒಂದು ಅಂಕಣ ಹೆಚ್ಚು ಎಳೆದೆ. ಮೆಂತೆ ಎದ್ದ ದಿನ ಬರೆಯದೆ, ದುರುಗವ್ವ ಸಹಿ ಹಾಕದೆ ಒಂದು ಪುಟ್ಟಿ ಗೊಬ್ಬರವೂ ಗೇಟು ದಾಟಬಾರದು ಎಂಬುದು ನಿಯಮ. ಎಳೆಯರಿಗೆ ಈ ಬರಹದಿಂದ ಒಂದೇ ಉಪಯೋಗ ಆಗುವುದಿದ್ದರೆ ಅದು ಇದೇ ಇರಲಿ. ಥರ್ಮಾಮೀಟರ್ ಚುಚ್ಚಿ, ಪುಸ್ತಕ ಓದಿ, ಆದರೆ ಮೆಂತೆಯನ್ನು ಕೇಳಿ.

ಗುಂಡಿಗಳು ತಣ್ಣಗಾದ ಮೇಲೆ ಹೊಸ ಗಿಡ ತರಿಸಿ ನೆಟ್ಟೆವು. ಅವು ಹೇಗೆ ಬರುತ್ತವೋ ಎಂದು ದಿನಾ ಎರಡು ಸಲ ಹೋಗಿ ನೋಡುತ್ತಿದ್ದೆ. ನಾನು ಯಾರ್ಡ್‌ಗೆ ಬಂದಾಗ ದುರುಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂರು ತಿಂಗಳು ತುಂಬಿದ ದಿನ ಬೆಳಿಗ್ಗೆ ಮುಖ್ಯಾಧಿಕಾರಿಗಳು ಉದ್ಯಾನ ನೋಡಿದರು. ದಾಸವಾಳ ಚಿಗುರಿತ್ತು, ಮಲ್ಲಿಗೆ ಬಳ್ಳಿ ಕಡ್ಡಿ ಹಿಡಿದಿತ್ತು. ಅವರು ಒಂದೊಂದು ಗಿಡದ ಮುಂದೆ ನಿಂತರು, ಬಗ್ಗಿ ಮಣ್ಣು ಮುಟ್ಟಿದರು. ಅಲ್ಲಿಂದ ನೇರ ಯಾರ್ಡ್‌ಗೆ ಬಂದರು. ಜೀಪಿನಿಂದ ಇಳಿಯುವಾಗ ಅವರ ಕೈಯಲ್ಲಿ ಎರಡು ಖಾಲಿ ಚೀಲ ಇದ್ದವು.

"ನಮ್ಮ ಕ್ವಾರ್ಟರ್ಸ್ ಗುಲಾಬಿಗೆ ಒಂದೆರಡು ಚೀಲ ಬೇಕಲ್ರೀ. ತುಂಬಿಸಿ."

ಮಾಗಿದ್ದೆಲ್ಲ ಹೊಸ ಗಿಡಗಳಿಗೆ ಹೋಗಿ ತೀರಿತ್ತು. ಯಾರ್ಡ್‌ನಲ್ಲಿ ಉಳಿದದ್ದು ಒಂದೇ ರಾಶಿ. ಮೇಲೆ ತಣ್ಣಗಿತ್ತು, ಕಪ್ಪಗಿತ್ತು, ನೋಡಲು ಚೆಂದವಿತ್ತು. ಅದರ ಬಕೆಟ್ಟಿನಲ್ಲಿ ಮಾತ್ರ ಮೆಂತೆ ಹಳದಿ ಮುರುಟಿ ಮಲಗಿತ್ತು. ಇವತ್ತು ಇವರನ್ನು ಬರಿಗೈಲಿ ಕಳಿಸಿದರೆ ಯಾರ್ಡ್‌ನ ಗತಿ ಏನು? ಎರಡೇ ಚೀಲ, ನಾಲ್ಕು ಗುಲಾಬಿ ಕುಂಡ. ಕೊಟ್ಟುಬಿಡೋಣವೇ, ಆಮೇಲೆ ಹದಿನೈದು ದಿನ ಬಿಟ್ಟು ಹಾಕಿ ಎಂದು ಹೇಳಿದರಾಯಿತಲ್ಲ ಎಂಬ ಯೋಚನೆ ನನಗೆ ಬಂತು. ಬಂದದ್ದು ನಿಜ, ಮುಚ್ಚಿಡುವುದಿಲ್ಲ. ಇಷ್ಟೆಲ್ಲ ಆದಮೇಲೂ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ದುರುಗವ್ವ ಮುಂದೆ ಬಂದು ರಾಶಿಗೆ ಅಡ್ಡ ನಿಂತಳು.

"ಕೊಡಂಗಿಲ್ರಿ."

"ಏನಂದೆ?" ಎಂದರು ಮುಖ್ಯಾಧಿಕಾರಿಗಳು.

"ಇದು ಇನ್ನೂ ಆಗಿಲ್ರಿ. ನಿಮ್ಮ ಗುಲಾಬಿ ಸುಡತಾವು." ಆಕೆ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಿಡಿದಿದ್ದಳು. "ಯಾರ್ಡ್ ಮುಚ್ಚತೀರಂದ್ರ ಮುಚ್ಚರಿ, ನಾ ಗಟಾರಿಗೆ ಹೋಗತೀನಿ. ಇದನ್ನ ಮಾತ್ರ ಇವತ್ತ ಕೊಡಂಗಿಲ್ಲ."

ಉಳಿದ ಐದೂ ಜನ ಸಲಿಕೆ ಹಿಡಿದು ನಿಂತಲ್ಲೇ ನಿಂತಿದ್ದರು. ನಾನು ಆ ಬಕೆಟ್ ಎತ್ತಿ ತಂದು ಅವರ ಮುಂದೆ ಇಟ್ಟೆ. "ಹೌದು ಸರ್, ಮೆಂತೆ ಎದ್ದಿಲ್ಲ" ಎಂದೆ. ನನ್ನಿಂದ ಆದದ್ದು ಅಷ್ಟೇ. ಅವರು ಬಗ್ಗಿ, ಹಳದಿಯಾದ ಒಂದು ಮೊಳಕೆಯನ್ನು ಕಿತ್ತು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಎರಡೂ ಚೀಲಗಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ನನ್ನನ್ನು ದಾಟಿ ಹೋಗಿ ದುರುಗವ್ವನ ಮುಂದೆ ನಿಂತರು.

"ಹಾಗಾದ್ರೆ ಯಾವಾಗ ಬರ್ಲಿ, ಹೇಳಮ್ಮ?"

ಯಾರ್ಡ್ ಮುಚ್ಚುವವರು ಯಾವಾಗ ಬರಲಿ ಎಂದು ಕೇಳುವುದಿಲ್ಲ. ಅದು ನನಗೆ ತಿಳಿಯಿತು. ದುರುಗವ್ವನಿಗೂ ತಿಳಿಯಿತು. ಆಕೆ ಸೆರಗು ಬಿಟ್ಟು, ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಳು.

"ಅಮಾಸಿ ಮುಗಿಸಿ ಬರ್ರಿ," ಎಂದಳು. "ನಾ ಇಲ್ಲೇ ಇರತೀನಿ."